ಗೇಟು ಹಾಕಿದರೆ ಕಾರು ಯಾವ ಕಡೆ?

ಹೋದ ಸಂಚಿಕೆಯಲ್ಲಿ ಭೂತಾನಿಗೆ ಸ್ವಂತ ಕಾರಿನಲ್ಲಿ ಹೋಗುವುದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಜನ ಕೇಳಿದ್ದು ರಸ್ತೆಯ ಬಗ್ಗೆ ಅಲ್ಲ, ಮೈಲೇಜಿನ ಬಗ್ಗೆಯೂ ಅಲ್ಲ. ಬೇರೆ ಬೇರೆ ದೇಶಗಳ ಹೆಸರು ಹೇಳಿ "ಅಲ್ಲಿ ಗಲಾಟೆಯಂತೆ, ಹೋಗಬಹುದಾ?" ಅಂತ. ಹಾಗಾಗಿ ಈ ಸಲ ಬರೀ ಗಡಿಯದ್ದೇ ಮಾತು.

ನಾವು ನಾಲ್ವರು ಗೆಳೆಯರು. 2019ರಲ್ಲಿ ನಮ್ಮ ಪರಿಚಯದವರೊಬ್ಬರು ಮಣಿಪುರದಿಂದ ಬರ್ಮಾ ದಾಟಿ ಥಾಯ್ಲೆಂಡಿಗೆ ಎಸ್‌ಯುವಿಯಲ್ಲಿ ಹೋಗಿ ಬಂದರು. ನಾವೂ ಹೋಗಬೇಕು ಅಂತಿದ್ದೇವೆ. ರಸ್ತೆ ಹೇಗಿದೆ ಸರ್?
— ಶಿವಮೊಗ್ಗದ ಓದುಗರು

ರಸ್ತೆ ಹೇಗಿದೆ ಅನ್ನುವುದು ಆಮೇಲಿನ ಮಾತು. ಸದ್ಯಕ್ಕೆ ಆ ದಾರಿಯನ್ನು ಮರೆತುಬಿಡಿ.

ನಿಮ್ಮ ಪರಿಚಯದವರ ಅದೃಷ್ಟ ಚೆನ್ನಾಗಿತ್ತು. ಭಾರತ ಮತ್ತು ಮ್ಯಾನ್ಮಾರ್ (ಹಿಂದಿನ ಬರ್ಮಾ) ನಡುವಿನ ಗಡಿ ದಾಟುವ ಒಪ್ಪಂದ ಜಾರಿಗೆ ಬಂದು ಮೋರೆ–ತಾಮು ಗೇಟು (ಮೋರೆ ನಮ್ಮ ಕಡೆ, ತಾಮು ಅವರ ಕಡೆ) ಪಾಸ್‌ಪೋರ್ಟ್ ವೀಸಾ ಇದ್ದವರಿಗೆಲ್ಲ ತೆರೆದದ್ದು 2018ರ ಆಗಸ್ಟ್‌ನಲ್ಲಿ. ಮಣಿಪುರದ ಮೋರೆಯಿಂದ ಥಾಯ್ಲೆಂಡಿನ ಮೇ ಸಾಟ್‌ವರೆಗೆ ಸುಮಾರು 1,360 ಕಿಲೋಮೀಟರ್‌ನ ತ್ರಿರಾಷ್ಟ್ರ ಹೆದ್ದಾರಿ ಇನ್ನೇನು ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು. 2020ರಲ್ಲಿ ಕೊರೊನಾ ಬಂದು ಗೇಟು ಮುಚ್ಚಿತು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಸರ್ಕಾರವನ್ನು ಕಿತ್ತುಹಾಕಿತು, ಒಳಜಗಳ ಶುರುವಾಯಿತು. 2023ರ ಮೇ 3ರಿಂದ ನಮ್ಮ ಮಣಿಪುರವೇ ಹೊತ್ತಿ ಉರಿಯಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಗಡಿಯ ಎರಡೂ ಕಡೆಯ ಊರಿನವರು ವೀಸಾ ಇಲ್ಲದೆ 16 ಕಿಲೋಮೀಟರ್ ಒಳಗೆ ಓಡಾಡುವ ಹಳೇ ಪದ್ಧತಿಯನ್ನೂ ತೆಗೆಯುತ್ತೇವೆ, 1,643 ಕಿಲೋಮೀಟರ್ ಗಡಿಗೂ ಬೇಲಿ ಹಾಕುತ್ತೇವೆ ಅಂತ ಹೇಳಿತು. ಅಂದರೆ ನಿಮ್ಮ ಪರಿಚಯದವರು ಹೋದ ಬಾಗಿಲು ತೆರೆದಿದ್ದದ್ದು ಸುಮಾರು ಒಂದೂವರೆ ವರ್ಷ.

ಮೋರೆಯ ಬಗ್ಗೆ ಒಂದು ಮಾತು ಹೇಳದೇ ಇರಲಾರೆ. ಆ ಊರಿನಲ್ಲಿ ತಮಿಳರಿದ್ದಾರೆ, ತಮಿಳರ ದೇವಸ್ಥಾನ ಇದೆ, ಇಡ್ಲಿ ದೋಸೆ ಸಿಗುತ್ತದೆ. ಮಣಿಪುರದ ಮೂಲೆಯಲ್ಲಿ ತಮಿಳರು ಹೇಗೆ ಅಂತೀರಾ? 1960ರ ದಶಕದಲ್ಲಿ ಬರ್ಮಾದ ಸೇನಾ ಸರ್ಕಾರ ಅಂಗಡಿ, ವ್ಯಾಪಾರ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡಾಗ ಅಲ್ಲಿದ್ದ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿ ಬಂದರು. ಅವರಲ್ಲಿ ಕೆಲವರಿಗೆ ತಮಿಳುನಾಡು ಹಿಡಿಸಲಿಲ್ಲ, ನೆಲದ ದಾರಿಯಲ್ಲಿ ವಾಪಸ್ ರಂಗೂನಿಗೆ ಹೋಗೋಣ ಅಂತ ಹೊರಟು ಗಡಿ ಮುಟ್ಟಿದರೆ ಬರ್ಮಾದವರು ಒಳಗೆ ಬಿಡಲಿಲ್ಲ. ಹಾಗೆ ಗೇಟಿನ ಮುಂದೆ ನಿಂತವರು ಅಲ್ಲೇ ಮನೆ ಕಟ್ಟಿಕೊಂಡರು. ಗಡಿ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಥಾಯ್ಲೆಂಡಿನಲ್ಲಿ ಗಾಡಿ ಓಡಿಸಲೇಬೇಕು ಅಂತಿದ್ದರೆ ವಿಮಾನದಲ್ಲಿ ಹೋಗಿ ಅಲ್ಲೇ ಬಾಡಿಗೆ ಕಾರು ತೆಗೆದುಕೊಳ್ಳಿ. ಮಲೇಷ್ಯಾ, ಥಾಯ್ಲೆಂಡ್ ಎರಡೂ ಕಡೆ ನಮ್ಮಂತೆ ಎಡಗಡೆಯೇ ಸಂಚಾರ. ಸ್ವಂತ ಕಾರೇ ಬೇಕು ಅಂದರೆ ಕಂಟೇನರ್‌ನಲ್ಲಿ ಮಲೇಷ್ಯಾಕ್ಕೆ ಕಳಿಸಿ ಅಲ್ಲಿಂದ ಮೇಲಕ್ಕೆ ಹೋಗಬೇಕು, ಥಾಯ್ಲೆಂಡಿಗೆ ಮೊದಲೇ ಅಲ್ಲಿನ ಟೂರ್ ಏಜೆಂಟ್ ಮೂಲಕ ಅನುಮತಿ ಪಡೆಯಬೇಕು. ಚೀನಾದಿಂದ ಕಾರುಗಳ ಸಾಲೇ ಬಂದು ತಲೆಬಿಸಿಯಾದ ಮೇಲೆ 2016ರಲ್ಲಿ ಮಾಡಿದ ನಿಯಮ ಅದು. ಅಲ್ಲಿಂದ ಹಾಗೇ ಕಾಂಬೋಡಿಯಾದ ಅಂಗ್‌ಕೋರ್ ನೋಡಿ ಬರುತ್ತೇವೆ ಅಂತ ಮಾತ್ರ ಪ್ಲಾನ್ ಹಾಕಬೇಡಿ. 2025ರ ಜುಲೈನಲ್ಲಿ ಆ ಎರಡು ದೇಶಗಳೇ ಬಡಿದಾಡಿಕೊಂಡವು, ಡಿಸೆಂಬರ್‌ನಲ್ಲಿ ಮತ್ತೆ. ಅಲ್ಲಿನ ರಸ್ತೆ ಗಡಿಗಳನ್ನು ಜಗಳಕ್ಕೂ ಮುಂಚೆಯೇ, ಜೂನ್‌ನಲ್ಲೇ ಮುಚ್ಚಲು ಶುರು ಮಾಡಿದ್ದರು.

ಕಾರ್ನೆ ಕಾರ್ನೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಪಾಸ್‌ಪೋರ್ಟ್ ಇದೆ, ವೀಸಾ ಇದೆ, ಕಾರಿಗೆ ಆರ್‌ಸಿ ಇದೆ, ಇನ್ಶೂರೆನ್ಸ್ ಇದೆ. ಇನ್ನೇನು ಬೇಕಂತೆ ಅವರಿಗೆ?
— ಹುಬ್ಬಳ್ಳಿಯ ಓದುಗರು

ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಕಸ್ಟಮ್ಸ್‌ನವರ ಕಣ್ಣಿಗೆ ನೀವು ಮನುಷ್ಯ, ನಿಮ್ಮ ಕಾರು ಸರಕು. ಮನುಷ್ಯ ಬಂದು ಹೋಗುತ್ತಾನೆ. ಸರಕನ್ನು ತಂದು ಮಾರಿಬಿಟ್ಟರೆ? ಆಮದು ಸುಂಕ ಯಾರು ಕಟ್ಟುತ್ತಾರೆ? ಈ ಅನುಮಾನಕ್ಕೆ ಉತ್ತರವೇ ಕಾರ್ನೆ. ಕಾರಿನ ಪಾಸ್‌ಪೋರ್ಟ್ ಅಂದುಕೊಳ್ಳಿ. ಒಂದು ವರ್ಷ ನಡೆಯುತ್ತದೆ. ನಮ್ಮಲ್ಲಿ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ. ಅದಕ್ಕೆ ನೀವು ಕಾರಿನ ಬೆಲೆ ಮತ್ತು ಹೋಗುವ ದೇಶಗಳನ್ನು ನೋಡಿ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೊಟ್ಟಿರಬೇಕು. ಪುಸ್ತಕದ ಪ್ರತಿ ಹಾಳೆಯಲ್ಲೂ ಮೂರು ತುಂಡು. ಒಳಗೆ ಹೋಗುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದನ್ನು, ಸೀಲು ಬಿದ್ದ ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ.

ಆ ಹೊರಗೆ ಬರುವ ಸೀಲು ಇದೆಯಲ್ಲ, ನಿಮ್ಮ ದುಡ್ಡೆಲ್ಲ ಅದರ ಮೇಲೆ ನಿಂತಿದೆ. ಸೀಲಿಲ್ಲ ಅಂದರೆ ಕಾರು ಆ ದೇಶದಲ್ಲೇ ಉಳಿಯಿತು ಅಂತ ಲೆಕ್ಕ. ಅವರು ಸುಂಕ ಕೇಳುತ್ತಾರೆ, ಸಂಸ್ಥೆ ನಿಮ್ಮ ಗ್ಯಾರಂಟಿಗೆ ಕೈ ಹಾಕುತ್ತದೆ. ನಿಮ್ಮನ್ನು ಬೇಕಾದರೆ ವಿಶೇಷ ವಿಮಾನ ಕಳಿಸಿ ಕರೆದುಕೊಂಡು ಬರುತ್ತಾರೆ. ಕಾರನ್ನು ಯಾರೂ ಏರ್‌ಲಿಫ್ಟ್ ಮಾಡಲ್ಲ. ದೇಶ ದೇಶಗಳ ನಡುವೆ ಮಾತು ಕೆಟ್ಟಾಗ ಮೊದಲು ಮುಚ್ಚುವುದು ರಸ್ತೆ ಗೇಟು, ಆಕಾಶದ ದಾರಿ ಆಮೇಲೆ. ಅದಕ್ಕೇ ನನ್ನದೊಂದು ಹಳೇ ಲೆಕ್ಕ ಇದೆ: ಒಳಗೆ ಹೋಗುವುದಕ್ಕೆ ಒಂದು ಗೇಟು ಸಾಕು, ಹೊರಗೆ ಬರುವುದಕ್ಕೆ ಎರಡು ಬೇಕು. ನಕ್ಷೆ ಹರಡಿಕೊಂಡು ಕೂತಾಗ ಆ ಎರಡನೇ ಗೇಟು ಸಿಗಲಿಲ್ಲ ಅಂದರೆ ನಾನು ಕಾರು ಮನೆಯಲ್ಲಿಟ್ಟು ಹೋಗುತ್ತೇನೆ.

ಒಂದು ವೇಳೆ ಸೀಲು ತಪ್ಪಿತು ಅನ್ನಿ. ಊರಿಗೆ ಬಂದ ಮೇಲೆ ನಮ್ಮ ಕಸ್ಟಮ್ಸ್‌ನವರಿಂದ "ಈ ವಾಹನ ಇಲ್ಲೇ ಇದೆ, ಕಣ್ಣಾರೆ ನೋಡಿದ್ದೇವೆ" ಅನ್ನುವ ಪತ್ರ ಮಾಡಿಸಿ ಕೊಡುವ ದಾರಿ ಇದೆ. ಓಡಾಟ ಜಾಸ್ತಿ, ಆದರೆ ಗ್ಯಾರಂಟಿ ಉಳಿಯುತ್ತದೆ.

ನೇಪಾಳ, ಭೂತಾನಿಗೆ ಕಾರ್ನೆ ಬೇಡ. ಭೂತಾನಿನ ಜೊತೆ ನಮಗೆ ಜಗಳ ಇಲ್ಲ, ಆದರೂ ಅಲ್ಲಿನವರು 2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದಾಗ ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂಪಾಯಿ, ಹೊರಗಿನ ಕಾರು ಗಡಿಯೂರಾದ ಫುಂಟ್‌ಶೋಲಿಂಗ್ ದಾಟಿ ಒಳಗೆ ಹೋದರೆ ದಿನಕ್ಕೆ 4,500 ಅಂತ ಬೆಲೆ ಹಾಕಿದರು. ಜನ ಗೊಣಗಿದರು. ನನಗೇನೋ ಸರಿ ಅನ್ನಿಸಿತು, ಅವರ ಬೆಟ್ಟ ಅವರದ್ದು. ಇಂಥ ದರಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ಅಮ್ಮನನ್ನು ಮುಕ್ತಿನಾಥಕ್ಕೆ ಕರೆದುಕೊಂಡು ಹೋಗಬೇಕು. ಬೆಳಗಾವಿಯಿಂದ ನಮ್ಮದೇ ಇನ್ನೋವಾದಲ್ಲಿ. 2025ರಲ್ಲಿ ನೇಪಾಳದಲ್ಲಿ ಸರ್ಕಾರವೇ ಬಿದ್ದು ಗಲಭೆ ಆಯಿತಲ್ಲ, ಅಮ್ಮ ಟಿವಿ ನೋಡಿ ಹೆದರಿದ್ದಾರೆ. ನೀವೇನಂತೀರಿ?
— ಬೆಳಗಾವಿಯ ಓದುಗರು

ಅಮ್ಮ ಹೆದರಿದ್ದು ಸುಳ್ಳಲ್ಲ. 2025ರ ಸೆಪ್ಟೆಂಬರ್ 8 ಮತ್ತು 9ರಂದು ಕಠ್ಮಂಡುವಿನಲ್ಲಿ ಹುಡುಗರು ಬೀದಿಗಿಳಿದರು, ಸಂಸತ್ತಿಗೇ ಬೆಂಕಿ ಬಿತ್ತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ವಿಮಾನ ನಿಲ್ದಾಣ ಮುಚ್ಚಿತು. ನಮ್ಮವರು ಎಷ್ಟೋ ಜನ ಹೋಟೆಲಿನಿಂದ ಹೊರಗೆ ಬರಲಾಗದೆ ಕೂತರು. ಆದರೆ ಒಂದೇ ವಾರದಲ್ಲಿ ಹೊಸ ಮಧ್ಯಂತರ ಸರ್ಕಾರ ಬಂದು ಪರಿಸ್ಥಿತಿ ತಣ್ಣಗಾಯಿತು ಅನ್ನುವುದನ್ನೂ ಅಮ್ಮನಿಗೆ ಹೇಳಿ. ಟಿವಿಯವರು ಅದನ್ನು ಅಷ್ಟು ಹೊತ್ತು ತೋರಿಸಲ್ಲ.

ಅದು ಅವರ ಮನೆಯೊಳಗಿನ ಜಗಳ. ಕಾರಿನವರಿಗೆ ನಿಜಕ್ಕೂ ಬಿಸಿ ಮುಟ್ಟಿಸುವುದು ಅವರಿಗೂ ನಮಗೂ ಮನಸ್ತಾಪ ಬಂದಾಗ. ನಾನು ತಿಂದ ಏಟು ಹೇಳುತ್ತೇನೆ. 2015ರ ಸೆಪ್ಟೆಂಬರ್ 20ಕ್ಕೆ ನೇಪಾಳ ಹೊಸ ಸಂವಿಧಾನ ತಂದಿತು. ತರಾಯಿಯ, ಅಂದರೆ ನಮ್ಮ ಗಡಿಗೆ ಅಂಟಿದ ಬಯಲಿನ ಮಧೇಸಿ ಜನ ನಮಗೆ ಅನ್ಯಾಯ ಆಯಿತು ಅಂತ ಗಡಿಯಲ್ಲಿ ಕೂತರು, ನಮ್ಮ ಕಡೆಯಿಂದ ಟ್ರಕ್ಕುಗಳು ಹೋಗುವುದು ನಿಂತಿತು. ಭಾರತವೇ ನಿಲ್ಲಿಸಿದ್ದು ಅಂತ ಅವರು, ನಾವು ನಿಲ್ಲಿಸಿಲ್ಲ ಅಂತ ದೆಹಲಿ. 2016ರ ಫೆಬ್ರವರಿವರೆಗೂ ಅದೇ ಹಾಡು. ನೇಪಾಳಕ್ಕೆ ಪೆಟ್ರೋಲ್, ಡೀಸೆಲ್, ಅಡುಗೆ ಗ್ಯಾಸ್ ಎಲ್ಲ ಹೋಗುವುದು ನಮ್ಮಿಂದ, ಅದೂ ಆಗ ಹೆಚ್ಚಾಗಿ ಬಿಹಾರದ ರಕ್ಸೌಲ್ ಗೇಟಿನಿಂದ. ಅಕ್ಟೋಬರ್‌ನಲ್ಲಿ ನಾನು ಪೋಖರಾದಲ್ಲಿದ್ದೆ. ಬಂಕುಗಳ ಮುಂದೆ ಬೈಕುಗಳ ಸಾಲು ಊರಾಚೆವರೆಗೆ. ನನ್ನ ಟ್ಯಾಂಕಿನಲ್ಲಿ ಕಾಲು ಭಾಗ. ಕರ್ನಾಟಕದ ನಂಬರ್ ಪ್ಲೇಟ್ ಹಾಕಿಕೊಂಡು ಆ ಸಾಲಿನಲ್ಲಿ ನಿಂತು "ನನಗೂ ಹಾಕಿ" ಅನ್ನುವುದಕ್ಕೆ ಮುಖ ಎಲ್ಲಿಂದ ತರುವುದು? ಕೊನೆಗೆ ಉಳಿದುಕೊಂಡಿದ್ದ ಲಾಡ್ಜಿನ ದಾಯಿಯೇ (ನೇಪಾಳಿಯಲ್ಲಿ ಅಣ್ಣ ಅಂತ) ನೀರಿನ ಬಾಟಲಿಗಳಲ್ಲಿ ಐದು ಲೀಟರ್ ತಂದುಕೊಟ್ಟರು. ರೇಟು ಕೇಳಬೇಡಿ. ರಕ್ಸೌಲ್ ಕಡೆಗೆ ಬರುವ ಪ್ಲಾನು ಬಿಟ್ಟು ತಾನ್ಸೆನ್, ಬುಟವಲ್ ಮೇಲಿಂದ ಇಳಿಜಾರಿನಲ್ಲಿ ಗೇರು ಹಾಕಿಕೊಂಡು ಮೆಲ್ಲಗೆ ಇನ್ನೊಂದು ಗಡಿ ಗೇಟಾದ ಸುನೌಲಿಗೆ ಬಂದೆ. ಎರಡನೇ ಗೇಟು ಅಂದೆನಲ್ಲ, ಪಾಠ ಕಲಿತದ್ದು ಅಲ್ಲೇ. ಅಷ್ಟಾದರೂ ಆ ಊರಲ್ಲಿ ಒಬ್ಬರೂ ನನ್ನ ಪ್ಲೇಟು ನೋಡಿ ಮುಖ ಸಿಂಡರಿಸಲಿಲ್ಲ.

ಆದ್ದರಿಂದ ಹೋಗಿ. 1950ರ ಭಾರತ–ನೇಪಾಳ ಸ್ನೇಹ ಒಪ್ಪಂದ ಇನ್ನೂ ಇದೆ, ನಿಮಗೆ ವೀಸಾ ಬೇಡ. ಕಾರಿಗೆ ಗಡಿಯಲ್ಲೇ ಭನ್ಸಾರ್, ಅಂದರೆ ಅಲ್ಲಿನ ಕಸ್ಟಮ್ಸ್ ಸುಂಕ ಕಟ್ಟಿಸಬೇಕು, ಅದು ದಿನದ ಲೆಕ್ಕ. ಜೊತೆಗೆ ಯಾತಾಯಾತ್‌ನವರ, ಅಂದರೆ ಸಾರಿಗೆ ಇಲಾಖೆಯವರ ಪರವಾನಗಿ. ಎಷ್ಟು ದಿನ ಅಂತ ಬರೆಸುತ್ತೀರೋ ಅದಕ್ಕೆ ಎರಡು ದಿನ ಸೇರಿಸಿ ಕಟ್ಟಿ, ಭೂಕುಸಿತವೋ ಬಂದ್ ಕರೆಯೋ ಏನಾದರೂ ಇದ್ದೇ ಇರುತ್ತದೆ. ಅವಧಿ ಮೀರಿದರೆ ದಂಡ ಚುರುಕ್ ಅನ್ನುತ್ತದೆ. ಕಾರು ನಿಮ್ಮ ಹೆಸರಿನಲ್ಲೇ ಇರಲಿ, ಆರ್‌ಸಿ ಅಸಲು ಪ್ರತಿ ಕೈಯಲ್ಲಿರಲಿ, ನೂರರ ನೋಟುಗಳ ಕಟ್ಟು ಇರಲಿ. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಪೋಖರಾದಿಂದ ಮೇಲಕ್ಕೆ ಮುಕ್ತಿನಾಥದ ಕಡೆ ಹೋಗುವ ಜೋಮ್‌ಸೋಮ್ ದಾರಿ ಇನ್ನೋವಾಕ್ಕೆ ಕಷ್ಟ, ಅಮ್ಮನ ಬೆನ್ನಿಗೆ ಇನ್ನೂ ಕಷ್ಟ. ಅಲ್ಲಿಂದ ಊರಿನ ಜೀಪು ಹಿಡಿಯಿರಿ, ಇಲ್ಲ ಸಣ್ಣ ವಿಮಾನ.

ವಾಘಾ ದಾಟಿ ಲಾಹೋರ್, ಅಲ್ಲಿಂದ ಇರಾನ್, ಟರ್ಕಿ, ಲಂಡನ್. ಈ ಜನ್ಮದಲ್ಲಿ ಆಗುತ್ತಾ?
— ದಾವಣಗೆರೆಯ ಓದುಗರು

ನಿಮ್ಮ ವಯಸ್ಸು ಎಷ್ಟು ಅಂತ ಬರೆದಿಲ್ಲ!

1957ರಲ್ಲಿ ಲಂಡನ್ನಿನಿಂದ ಕಲ್ಕತ್ತಕ್ಕೆ ಬಸ್ಸೇ ಓಡಿತ್ತು. ಅರವತ್ತು, ಎಪ್ಪತ್ತರ ದಶಕದಲ್ಲಿ ಹಿಪ್ಪಿಗಳು ಡಕೋಟ ವ್ಯಾನುಗಳಲ್ಲಿ ಇಸ್ತಾಂಬುಲ್, ತೆಹ್ರಾನ್, ಕಾಬೂಲ್, ಲಾಹೋರ್ ಮೇಲೆ ಗೋವಾಕ್ಕೆ ಬಂದು ಬಿದ್ದರು. 1979 ಒಂದೇ ವರ್ಷ ಆ ದಾರಿಯನ್ನು ಮುಗಿಸಿತು: ವರ್ಷದ ಮೊದಲಲ್ಲಿ ಇರಾನಿನಲ್ಲಿ ಕ್ರಾಂತಿ, ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಆಮೇಲೆ ನಮ್ಮ ಕಡೆ ನೋಡಿ. ದೆಹಲಿ–ಲಾಹೋರ್ ಬಸ್ಸು 1999ರ ಫೆಬ್ರವರಿಯಲ್ಲಿ ವಾಜಪೇಯಿಯವರನ್ನು ಹೊತ್ತುಕೊಂಡು ಹೋಯಿತು, ಸಂಸತ್ತಿನ ಮೇಲೆ ದಾಳಿ ಆದ ಮೇಲೆ ನಿಂತಿತು, 2003ರಲ್ಲಿ ಮತ್ತೆ ಓಡಿತು, 2019ರಲ್ಲಿ ಮತ್ತೆ ನಿಂತಿತು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನ ವಾಘಾಕ್ಕೆ ಎದುರು ನಮ್ಮ ಕಡೆ ಇರುವ ಅಟ್ಟಾರಿ ಗೇಟನ್ನೇ ಮುಚ್ಚುತ್ತೇವೆ ಅಂತ ಸರ್ಕಾರ ಹೇಳಿತು.

ಒಂದು ತಮಾಷೆ ಗೊತ್ತಾ? ನಿಮ್ಮ ಕಾರಿನ ಇನ್ಶೂರೆನ್ಸ್‌ಗೆ ಸ್ವಲ್ಪ ಹೆಚ್ಚು ಹಣ ಕಟ್ಟಿ ನೆರೆ ದೇಶಗಳಿಗೂ ವಿಸ್ತರಿಸಿಕೊಳ್ಳಬಹುದು. ಆ ಷರತ್ತಿನಲ್ಲಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಜೊತೆ ಪಾಕಿಸ್ತಾನದ ಹೆಸರೂ ಅಚ್ಚಾಗಿದೆ. ಕಾಗದದ ಮೇಲೆ ದಾರಿ ಇನ್ನೂ ತೆರೆದೇ ಇದೆ.

ಲಂಡನ್ನಿಗೆ ಹೊರಟವರು ಕೆಲವು ವರ್ಷ ಮ್ಯಾನ್ಮಾರ್, ಚೀನಾ, ಮಧ್ಯ ಏಷ್ಯಾ, ರಷ್ಯಾ ಅಂತ ಸುತ್ತಿ ಹೋಗುತ್ತಿದ್ದರು. ಈಗ ಆ ಸುತ್ತಿನಲ್ಲೂ ಮ್ಯಾನ್ಮಾರ್ ಮುರಿದಿದೆ, ರಷ್ಯಾದ ಕಡೆಯಿಂದ ಫಿನ್ಲೆಂಡ್ 2023ರ ಕೊನೆಯಲ್ಲಿ ಗಡಿ ಮುಚ್ಚಿತು. ಕಾರನ್ನು ಹಡಗಿನಲ್ಲಿ ಗಲ್ಫ್‌ಗೆ ಕಳಿಸಿ ಇರಾನಿಗೆ ದಾಟುವುದು ಇನ್ನೊಂದು ದಾರಿ. ಅಲ್ಲೂ 2025ರ ಜೂನ್‌ನಲ್ಲಿ ಯುದ್ಧ ನಡೆಯಿತು, ಭಾರತೀಯರಿಗೆ ಇದ್ದ ವೀಸಾ ಇಲ್ಲದ ಪ್ರವೇಶವನ್ನು ನವೆಂಬರ್‌ನಲ್ಲಿ ಇರಾನ್ ನಿಲ್ಲಿಸಿತು. ಕನಸು ಬಿಡಬೇಡಿ, ಆದರೆ ಸದ್ಯ ಠೇವಣಿ ಇಡಬೇಡಿ.

ಊರು ಕುಂದಾಪುರ, ಇರುವುದು ದೋಹಾದಲ್ಲಿ. ಮಕ್ಕಳಿಗೆ ರಜೆ ಬಂದಾಗ ಸೌದಿ ಮೇಲೆ ದುಬೈಗೆ ಕಾರಿನಲ್ಲೇ ಹೋಗೋಣ ಅಂತ. ಹಳಬರು "2017 ನೆನಪಿದೆಯಾ" ಅಂತ ಹೆದರಿಸುತ್ತಾರೆ.
— ದೋಹಾದಿಂದ ಓದುಗರು

ಹಳಬರು ಸುಮ್ನೆ ಹೆದರಿಸುತ್ತಿಲ್ಲ. ಕತಾರಿಗೆ ನೆಲದ ಗಡಿ ಇರುವುದು ಒಂದೇ ಒಂದು, ಅಬು ಸಮ್ರಾದಲ್ಲಿ, ಅದೂ ಸೌದಿ ಜೊತೆ. 2017ರ ಜೂನ್ 5ರ ಬೆಳಿಗ್ಗೆ ಸೌದಿ, ಎಮಿರೇಟ್ಸ್, ಬಹರೇನ್, ಈಜಿಪ್ಟ್ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡವು, ಆ ಗೇಟು ಮುಚ್ಚಿತು. ರಂಜಾನ್ ತಿಂಗಳು ಬೇರೆ. ದೋಹಾದ ಅಂಗಡಿಗಳಲ್ಲಿ ಹಾಲಿಗೆ ಜನ ಮುಗಿಬಿದ್ದರು. ಸೌದಿಯಲ್ಲಿ ಮೇಯಲು ಬಿಟ್ಟಿದ್ದ ಕತಾರಿಗಳ ಸಾವಿರಾರು ಒಂಟೆಗಳನ್ನು ಗಡಿಗೆ ಅಟ್ಟಿದರು, ಬಿಸಿಲಿನಲ್ಲಿ ಎಷ್ಟೋ ಸತ್ತವು. ಒಂಟೆಗೇ ಹೀಗಾದರೆ ನಿಮ್ಮ ಪ್ರಾಡೋ ಯಾವ ಲೆಕ್ಕ? ಮೂರೂವರೆ ವರ್ಷ ಹಾಗೇ ನಡೆದು, 2021ರ ಜನವರಿ 5ರಂದು ಅಲ್ ಉಲಾದಲ್ಲಿ ರಾಜಿ ಆಯಿತು, ನಾಲ್ಕು ದಿನಕ್ಕೆ ಗೇಟು ತೆರೆಯಿತು. ಮುಚ್ಚುವುದಕ್ಕೆ ಒಂದು ಬೆಳಿಗ್ಗೆ ಸಾಕಾಗಿತ್ತು.

ಈಗ ಜನ ಆ ದಾರಿಯಲ್ಲಿ ಹೋಗಿ ಬರುತ್ತಿದ್ದಾರೆ. ಇಸ್ತಿಮಾರಾ, ಅಂದರೆ ಅಲ್ಲಿನ ಆರ್‌ಸಿ ನಿಮ್ಮ ಹೆಸರಿನಲ್ಲಿರಬೇಕು, ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನಿಂದ ದೇಶ ಬಿಟ್ಟು ಹೋಗಲು ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಇದನ್ನು ಮರೆತು ಗಡಿಯಿಂದ ವಾಪಸ್ ಬಂದವರನ್ನು ನಾನು ಬಲ್ಲೆ. ಸೌದಿ ಬರೀ ದಾಟಿಕೊಂಡು ಹೋಗುವುದಾದರೂ ಮನೆಯವರಿಗೆಲ್ಲ ಸೌದಿ ವೀಸಾ ಬೇಕು. ಇನ್ಶೂರೆನ್ಸ್ ಯಾವ ದೇಶದವರೆಗೆ ನಡೆಯುತ್ತದೆ ಅಂತ ಕಂಪನಿಯವರಿಂದ ಬರೆಸಿಕೊಳ್ಳಿ, ಗಲ್ಫ್‌ನಲ್ಲಿ ಆರೆಂಜ್ ಕಾರ್ಡ್ ಅನ್ನುತ್ತಾರೆ. ಎರಡನೇ ಗೇಟು ನಿಮಗೆ ಇಲ್ಲ, ನಿಜ. ಆದರೆ ದುಬೈನಲ್ಲಿ ಸಿಕ್ಕಿಕೊಂಡರೆ ನೀವು ವಿಮಾನ ಹತ್ತಿ ಮಂಗಳೂರಿಗೆ ಬರಬಹುದು, ಕಾರನ್ನು ಯಾರ ಮನೆ ಮುಂದೆ ಬಿಡುವುದು ಅಂತ ಮಾತ್ರ ಮೊದಲೇ ಯೋಚಿಸಿ. ಕರಾವಳಿಯವರಿಗೆ ದುಬೈನಲ್ಲಿ ಚಿಕ್ಕಪ್ಪನೋ ಭಾವನೋ ಇಲ್ಲದೇ ಇರುತ್ತಾರಾ?

ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನನ್ನ ಹೆಂಡತಿಗೆ ಬ್ರಿಟಿಷ್ ಪಾಸ್‌ಪೋರ್ಟ್, ನನಗೆ ಭಾರತದ್ದು. ಡೋವರ್‌ನಿಂದ ಹೊರಟು ಕ್ರೊಯೇಷಿಯಾದವರೆಗೆ ನಮ್ಮ ಕಾರಿನಲ್ಲಿ. ಬ್ರೆಕ್ಸಿಟ್ ಆದಮೇಲೆ ಏನೇನು ಬದಲಾಗಿದೆ?
— ರೆಡಿಂಗ್‌ನಿಂದ ಓದುಗರು

ನಿಮಗೆ ಆಗಲೂ ಷೆಂಗೆನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ), ಈಗಲೂ ಷೆಂಗೆನ್ ವೀಸಾ. ಹೆಚ್ಚು ಬದಲಾಗಿದ್ದು ಮನೆಯವರಿಗೆ. 180 ದಿನದಲ್ಲಿ 90 ದಿನ ಅನ್ನುವ ಲೆಕ್ಕ ಅವರಿಗೂ ಬಂತು. 2025ರ ಅಕ್ಟೋಬರ್ 12ರಿಂದ ಯುರೋಪಿನವರು ಸೀಲಿನ ಬದಲು ಮುಖ, ಬೆರಳಚ್ಚು ಹಿಡಿಯುವ ವ್ಯವಸ್ಥೆಯನ್ನು ಹಂತ ಹಂತವಾಗಿ ಶುರು ಮಾಡಿದರು. ಡೋವರ್‌ನಲ್ಲಿ ಹಡಗು ಹತ್ತುವ ಮೊದಲೇ ಫ್ರೆಂಚ್ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ, ಹಾಗಾಗಿ ಸಾಲು ಬೆಳೆಯುವುದು ಇಂಗ್ಲೆಂಡಿನ ರಸ್ತೆಯಲ್ಲೇ. ಶಾಲೆಗೆ ರಜೆ ಬಿಟ್ಟ ಶನಿವಾರ ಮಾತ್ರ ಹೊರಡಬೇಡಿ.

ಕಾರಿನ ವಿಷಯಕ್ಕೆ ಬಂದರೆ, ಜಗಳ ಸ್ವಲ್ಪ ತಣಿದಿದೆ. 2021ರ ಜನವರಿಯಿಂದ ಇನ್ಶೂರೆನ್ಸ್‌ನ ಗ್ರೀನ್ ಕಾರ್ಡ್ ಕಡ್ಡಾಯ ಆಗಿತ್ತು, ಆಗಸ್ಟ್‌ನಲ್ಲಿ ತೆಗೆದರು. ಜಿಬಿ ಅನ್ನುವ ಸ್ಟಿಕ್ಕರ್ ಆ ವರ್ಷದ ಸೆಪ್ಟೆಂಬರ್ 28ರಿಂದ ನಡೆಯಲ್ಲ, ಯುಕೆ ಅಂತಲೇ ಇರಬೇಕು. ಹಳೇದು ಅಂಟಿಸಿದ್ದರೆ ಕಿತ್ತುಹಾಕಿ.

ನಮ್ಮವರು ಸಿಕ್ಕಿಬೀಳುವುದು ಇದ್ಯಾವುದರಲ್ಲೂ ಅಲ್ಲ, ಬುತ್ತಿಯಲ್ಲಿ. ಬ್ರಿಟನ್ ಈಗ ಹೊರಗಿನ ದೇಶ, ಅಲ್ಲಿಂದ ಯುರೋಪಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. 2021ರ ಜನವರಿಯಲ್ಲಿ ಡಚ್ ಅಧಿಕಾರಿಗಳು ಲಾರಿ ಡ್ರೈವರುಗಳ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು ದೊಡ್ಡ ಸುದ್ದಿಯಾಯಿತು. ನಮ್ಮಲ್ಲಿ ಹ್ಯಾಮ್ ಇಲ್ಲ ಬಿಡಿ ಅಂತ ನಗಬೇಡಿ, ಊರಿಂದ ಅತ್ತೆ ಕಳಿಸಿದ ತುಪ್ಪದ ಡಬ್ಬಿ, ಮೊಸರನ್ನದ ಮೊಸರು ಎಲ್ಲ ಅದೇ ಪಟ್ಟಿಗೆ ಸೇರುತ್ತದೆ. ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಳ್ಳಿ, ಮೊಸರನ್ನು ಫ್ರಾನ್ಸಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡರಾಯಿತು. ವಾಪಸ್ ಬರುವಾಗ ಚೀಸ್ ತರುವ ಆಸೆಯೂ ಬೇಡ, ಕಾಲುಬಾಯಿ ರೋಗದ ಕಾರಣಕ್ಕೆ 2025ರ ಏಪ್ರಿಲ್‌ನಿಂದ ಬ್ರಿಟನ್ ಕೂಡ ಅದೇ ನಿಷೇಧ ಹಾಕಿತು.

ಕ್ರೊಯೇಷಿಯಾ ಮಾತ್ರ ಒಳ್ಳೇ ಸುದ್ದಿ. 2023ರ ಜನವರಿ 1ರಿಂದ ಅದು ಷೆಂಗೆನ್ ಒಳಗೆ ಬಂತು, ಯೂರೋ ಹಣವೂ ಬಂತು. ನಿಮ್ಮ ಒಂದೇ ವೀಸಾ ಸಾಕು. ಮೊದಲು ಸ್ಪ್ಲಿಟ್‌ನಿಂದ ಕರಾವಳಿ ಹಿಡಿದು ಡುಬ್ರೊವ್ನಿಕ್‌ಗೆ ಹೋಗಬೇಕಾದರೆ ನಡುವೆ ನೇಉಮ್ ಹತ್ತಿರ ಸುಮಾರು ಒಂಬತ್ತು ಕಿಲೋಮೀಟರ್ ಬೋಸ್ನಿಯಾ ಅಡ್ಡ ಬರುತ್ತಿತ್ತು, ಎರಡು ಸಲ ಗಡಿ ತಪಾಸಣೆ. 2022ರ ಜುಲೈನಲ್ಲಿ ಸಮುದ್ರದ ಮೇಲೆ ಪೆಲ್ಯೆಶಾಟ್ಸ್ ಸೇತುವೆ ತೆರೆದರು, ಈಗ ಬೋಸ್ನಿಯಾ ಮುಟ್ಟದೆ ಹೋಗಬಹುದು.

ಇನ್ನೊಂದು ಎಚ್ಚರ, ನೀವು ಕೇಳದಿದ್ದರೂ. ಮುಂದೊಮ್ಮೆ ಬ್ರಿಟನ್ನಿಗೇ ಸೇರಿದ ಬೆಲ್‌ಫಾಸ್ಟ್‌ಗೆ ಹೋದಾಗ ಹಾಗೇ ಬೇರೆ ದೇಶವಾದ ಐರ್ಲೆಂಡಿನ ಡಬ್ಲಿನ್‌ಗೆ ಕಾರು ತಿರುಗಿಸಬೇಡಿ. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ, ವೇಗದ ಬೋರ್ಡು ಮೈಲಿಯಿಂದ ಕಿಲೋಮೀಟರ್‌ಗೆ ಬದಲಾಗುವುದೇ ಗುರುತು. ಆದರೆ ಬ್ರಿಟನ್ನಿನಲ್ಲಿ ನೆಲೆಸಲು ಅನುಮತಿ ಇದ್ದ ಮಾತ್ರಕ್ಕೆ ನಿಮ್ಮ ಭಾರತದ ಪಾಸ್‌ಪೋರ್ಟ್‌ಗೆ ಐರ್ಲೆಂಡಿನ ಬಾಗಿಲು ತೆರೆದಿಲ್ಲ, ಬೇರೆ ವೀಸಾ ಬೇಕು.

ಟರ್ಕಿಗೆ ಹೋಗಬಾರದು ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನ ಆಗಿದೆ. ಬದಲಿಗೆ ಜಾರ್ಜಿಯಾ, ಅರ್ಮೇನಿಯಾದಲ್ಲಿ ಬಾಡಿಗೆ ಕಾರು ಓಡಿಸೋಣ ಅಂತ. ಸರಿ ತಾನೇ?
— ಮೈಸೂರಿನ ಓದುಗರು

2025ರ ಮೇ ತಿಂಗಳಲ್ಲಿ ಟರ್ಕಿ, ಅಜರ್‌ಬೈಜಾನ್ ಪಾಕಿಸ್ತಾನದ ಪರ ನಿಂತಾಗ ನಮ್ಮವರು ಸಾಲುಸಾಲಾಗಿ ಟಿಕೆಟ್ ರದ್ದು ಮಾಡಿದರು. ಎಲ್ಲಿ ದುಡ್ಡು ಖರ್ಚು ಮಾಡಬೇಕು ಅನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಅದರಲ್ಲಿ ನಾನು ತಲೆ ಹಾಕಲ್ಲ. ಒಂದೇ ಮಾತು: ನೀವಾಗಿ ರದ್ದು ಮಾಡಿದರೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಏನೂ ಕೊಡಲ್ಲ, ಯುದ್ಧದಿಂದಾದ ನಷ್ಟವನ್ನೂ ಹೆಚ್ಚಿನ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಹಾಗಾಗಿ ಸ್ವಲ್ಪ ದುಬಾರಿಯಾದರೂ ರದ್ದು ಮಾಡಬಹುದಾದ ಬುಕಿಂಗನ್ನೇ ಮಾಡಿ.

ಜಾರ್ಜಿಯಾ–ಅರ್ಮೇನಿಯಾ ಒಳ್ಳೇ ಜೋಡಿ. ತಿಬಿಲಿಸಿಯಿಂದ ಯೆರೆವಾನ್‌ಗೆ ಒಂದು ಹಗಲಿನ ದಾರಿ. ಕಾರು ಗಡಿ ದಾಟಲು ಬಾಡಿಗೆ ಕಂಪನಿಯ ಪತ್ರ ಬೇಕು, ಬುಕ್ ಮಾಡುವಾಗಲೇ ಕೇಳಿ. ಎರಡೂ ದೇಶಗಳಲ್ಲಿ ಬಲಗಡೆ ಸಂಚಾರ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ.

ಯೆರೆವಾನ್‌ನಲ್ಲಿ ಬೆಳಿಗ್ಗೆ ಕಿಟಕಿ ತೆಗೆದರೆ ಅರಾರಾತ್ ಪರ್ವತ ಎದುರಿಗೇ ಕೂತಿರುತ್ತದೆ. ಅರ್ಮೇನಿಯಾದ ಲಾಂಛನದಲ್ಲೂ ಅದೇ ಬೆಟ್ಟ. ಆದರೆ ಬೆಟ್ಟ ಇರುವುದು ಟರ್ಕಿಯಲ್ಲಿ, ಆ ಗಡಿಯನ್ನು 1993ರಲ್ಲಿ ಮುಚ್ಚಿದರು. ಖೋರ್ ವಿರಾಪ್ ಮಠದ ಹತ್ತಿರ ಕಾರು ನಿಲ್ಲಿಸಿದರೆ ಗಡಿ ಕಣ್ಣಳತೆಯಲ್ಲೇ ಇದೆ, ಬೆಟ್ಟದ ಬುಡಕ್ಕೆ ಹೋಗಬೇಕಾದರೆ ಮಾತ್ರ ಜಾರ್ಜಿಯಾ ಸುತ್ತಿಕೊಂಡು ಹೋಗಬೇಕು. ಅಜರ್‌ಬೈಜಾನ್ ಕಡೆಯ ಗಡಿಯೂ ಅರ್ಮೇನಿಯಾ–ಅಜರ್‌ಬೈಜಾನ್ ಯುದ್ಧದ ಕಾಲದಿಂದ ಬಂದ್. 2025ರ ಆಗಸ್ಟ್‌ನಲ್ಲಿ ಅವರಿಬ್ಬರೂ ವಾಷಿಂಗ್ಟನ್ನಿನಲ್ಲಿ ಕೂತು ಶಾಂತಿ ಒಪ್ಪಂದದ ಕರಡಿಗೆ ಕಿರುಸಹಿ ಹಾಕಿದ್ದಾರೆ, ನೋಡೋಣ. ಇನ್ನೊಂದು, ಜಾರ್ಜಿಯಾದ ನಕ್ಷೆಯಲ್ಲಿ ಕಾಣುವ, ಆದರೆ ಅದರ ಹಿಡಿತದಲ್ಲಿ ಇಲ್ಲದ ಅಬ್ಖಾಜಿಯಾ, ದಕ್ಷಿಣ ಒಸೆಟಿಯಾ ಕಡೆ ಕಾರು ತಿರುಗಿಸಬೇಡಿ. ಜಿಪಿಎಸ್‌ಗೆ ರಾಜಕೀಯ ಗೊತ್ತಾಗಲ್ಲ.

ಕೈಲಾಸಕ್ಕೆ ನಮ್ಮ ಕಾರಿನಲ್ಲೇ ಹೋಗಬಹುದಾ?
— ತುಮಕೂರಿನ ಓದುಗರು

ಇಲ್ಲ. ಐದು ವರ್ಷ ನಿಂತಿದ್ದ ಯಾತ್ರೆ 2025ರ ಬೇಸಿಗೆಯಲ್ಲಿ ಉತ್ತರಾಖಂಡದ ಲಿಪುಲೇಖ್ ಮತ್ತು ಸಿಕ್ಕಿಂನ ನಾಥು ಲಾ ಮೂಲಕ ಮತ್ತೆ ಶುರುವಾಯಿತು, ಅದು ಸರ್ಕಾರ ಕಳಿಸುವ ತಂಡದಲ್ಲಿ. ನಮ್ಮ ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಚೀನಾ ಒಪ್ಪಲ್ಲ. ಹೊರಗಿನ ಕಾರು ಹೋದರೆ ಅಲ್ಲಿನ ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ನಂಬರು, ಜೊತೆಗೊಬ್ಬ ಗೈಡು, ಟಿಬೆಟ್ಟಿಗೆ ಬೇರೆ ಅನುಮತಿ. ನೇಪಾಳದಿಂದ ಟಿಬೆಟ್ಟಿಗೆ ದಾಟುವ ರಸುವಾಗಢಿಯ ಸೇತುವೆಯಂತೂ 2025ರ ಜುಲೈನಲ್ಲಿ ಹೊಳೆಯಲ್ಲಿ ಕೊಚ್ಚಿಹೋಯಿತು.

ಪೋಖರಾಕ್ಕೆ ಹೊರಟಿದ್ದೇವೆ. ಕಾರಿನ ಬಾಗಿಲಿಗೆ ದೊಡ್ಡದಾಗಿ ಭಾರತ–ನೇಪಾಳದ ನಕ್ಷೆ, ಮೇಲೆ ನಮ್ಮ ದಾರಿ, ಹಿಂದೆ ಐಎನ್‌ಡಿ ಅಂತ ಸ್ಟಿಕ್ಕರ್ ಹಾಕಿಸುತ್ತಿದ್ದೇವೆ. ಡಿಸೈನ್ ಕಳಿಸಿದ್ದೇವೆ, ಹೇಗಿದೆ?
— ಹಾಸನದ ಓದುಗರು

ಡಿಸೈನ್ ಚೆನ್ನಾಗಿದೆ. ನಕ್ಷೆ ತೆಗೆದುಬಿಡಿ. ಲಿಪುಲೇಖ್‌ವರೆಗೆ ನಾವು ರಸ್ತೆ ಮಾಡಿದೆವು ಅಂತ 2020ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು, ಅದೇ ತಿಂಗಳು ನೇಪಾಳ ಕಾಲಾಪಾನಿ, ಲಿಪುಲೇಖ್ ಎಲ್ಲ ನಮ್ಮದು ಅಂತ ಹೊಸ ನಕ್ಷೆ ಹೊರಡಿಸಿತು. ನಿಮ್ಮ ಬಾಗಿಲ ಮೇಲೆ ಇರುವುದು ನಮ್ಮ ನಕ್ಷೆ. ಭನ್ಸಾರ್ ಸಾಲಿನಲ್ಲಿ ನಿಂತಾಗ ಅದರ ಬಗ್ಗೆ ಯಾರಾದರೂ ಚರ್ಚೆ ತೆಗೆದರೆ ಅರ್ಧ ದಿನ ಹೋಯಿತು. ಐಎನ್‌ಡಿ ಸ್ಟಿಕ್ಕರ್ ಇರಲಿ. ಬಾಗಿಲಿಗೆ "ಹಾಸನ–ಪೋಖರಾ" ಅಂತ ಬರೆಸಿ, ಕನ್ನಡದಲ್ಲಿ ಒಂದು ಸಲ, ನಾಗರಿಯಲ್ಲಿ ಒಂದು ಸಲ. ಅಲ್ಲಿನ ಪೊಲೀಸರಿಗೆ ಓದಲು ಬರುತ್ತದೆ, ಚಹಾ ಕುಡಿಯಲು ಕರೆದರೂ ಕರೆದಾರು.